ಬಾಗಿಲ ಕಡೆಯಿಂದ ಬಂದ ಸ್ವರ

ಪ್ರೇತ, ಮಾಟ ಎಂದು ಯಾರಾದರೂ ಶುರುಮಾಡಿದರೆ ನಗುವ ಜಾತಿ ನನ್ನದು. ಸ್ವಂತ ಕಿವಿಗಿಂತ ಯಂತ್ರವನ್ನು ನಂಬುವುದೇ ನನ್ನ ಕಸುಬು. ಪುತ್ತೂರಿನಲ್ಲಿ ಸ್ವರದ ತೊಂದರೆ ಇರುವವರನ್ನು ಪರೀಕ್ಷಿಸುತ್ತೇನೆ. ಮೊದಲು ಅವರ ದೂರು ಕೇಳುವುದು, ಆಮೇಲೆ ಮೈಕಿನ ಮುಂದೆ ಉದ್ದಕ್ಕೆ ‘ಆ’ ಎನ್ನಿಸಿ ಸ್ವರದ ಎತ್ತರ, ನಡುಕ, ಒರಟುತನವನ್ನು ಕಂಪ್ಯೂಟರಿನಲ್ಲಿ ಅಳೆಯುವುದು. ಇವೆರಡಕ್ಕೂ ಎಷ್ಟೋ ಸಲ ಎಣ್ಣೆ ಸೀಗೆಕಾಯಿ ಸಂಬಂಧ. ಕಡಬದಲ್ಲಿ ಜೀಪಿಗೆ ಜನರನ್ನು ಕೂಗಿ ಹತ್ತಿಸುವವರೊಬ್ಬರ ಸ್ವರ ಯಂತ್ರದ ಪ್ರಕಾರ ಕೆಟ್ಟು ಕೆರ ಹಿಡಿದಿತ್ತು. ತನಗೆ ಎಂತದೂ ಇಲ್ಲ ಮಾರಾಯ್ರೆ ಎಂದು ಅವರು ಎದ್ದೇ ಹೋದರು. ಸ್ವರ ಚೆನ್ನಾಗಿದ್ದೂ ಕೊರಗುವವರು ಇನ್ನೊಂದಿಷ್ಟು. ಅವರಿಗೆ ದಣಿವು, ಚಿಂತೆ ಎಂದು ಸಮಾಧಾನ ಹೇಳಿ ಕಳಿಸುತ್ತಿದ್ದೆ.

ಪುಷ್ಪಾವತಿ ಟೀಚರ್ ಐವರ್ನಾಡಿನವರು. ಸುಳ್ಯದಲ್ಲಿ ಶಿಕ್ಷಕರಿಗಾಗಿ ನಡೆದ ಶಿಬಿರದಲ್ಲಿ ಅವರ ಸ್ವರವನ್ನು ಒಮ್ಮೆ ಮುದ್ರಿಸಿಕೊಂಡಿದ್ದೆ. ಮರುವರ್ಷ ತಾವಾಗಿಯೇ ಬಂದರು. ಗಂಟಲು ನೋವಿಲ್ಲ, ಕೆಮ್ಮಿಲ್ಲ. ಈ ಸ್ವರ ತನ್ನದಲ್ಲ ಎಂಬುದೇ ಅವರ ದೂರು. ಕಣ್ಣು ಕಾಣದ ಅವರ ತಾಯಿ ಈಚೆಗೆ ಮಗಳು ಮಾತಾಡಿದರೆ ಯಾರದು ಎಂದು ಕೇಳುತ್ತಿದ್ದರಂತೆ. ಯಾರೋ ಹೊರಗಿನವಳು ಕರೆದಳೆಂದು ಊಟಕ್ಕೂ ಏಳುತ್ತಿರಲಿಲ್ಲವಂತೆ.

ಅಳೆದೆ. ಹಳೆಯದರ ಜೊತೆ ಹೋಲಿಸಿದೆ. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಸ್ವರದಲ್ಲಿ ದೋಷವಿಲ್ಲ ಎಂದು ಬರೆದುಕೊಟ್ಟೆ. ತಾಯಿಗೆ ಅರಳುಮರಳು ಇರಬೇಕು ಎಂದುಕೊಂಡೆ.

ಟೀಚರ್ ಏಳಲಿಲ್ಲ. "ಅಮ್ಮ ನನ್ನ ಮುಖ ನೋಡಿದವರೇ ಅಲ್ಲ ಸರ್. ಅವರಿಗೆ ನಾನು ಅಂದ್ರೆ ನನ್ನ ಸ್ವರ" ಎಂದರು. ನನಗೆ ಪಾಪ ಅನ್ನಿಸಿತು. ಮುಂದಿನ ಆದಿತ್ಯವಾರ ಅವರ ಮನೆಗೆ ಹೋದೆ.

ತಾಯಿ ನನಗಿಂತ ಚುರುಕಾಗಿದ್ದರು. ಬಸ್ಸು ಬೆಳ್ಳಾರೆಯ ಮೇಲೆ ಬಂತೇ ಎಂದು ಕೇಳಿದರು, ಕಾಫಿಗೆ ಬೆಲ್ಲ ಸಾಕೇ ಎಂದು ವಿಚಾರಿಸಿದರು. ಮುದ್ರಿಸಿದ ಎರಡೂ ಸ್ವರಗಳನ್ನು ಫೋನಿನಲ್ಲಿ ಕೇಳಿಸಿದೆ. ಹಳೆಯದು ತನ್ನ ಪುಷ್ಪನದ್ದು ಎಂದರು. ಹೊಸದು ಯಾರದೋ ಗೊತ್ತಿಲ್ಲ ಎಂದರು. ಹಿಂದುಮುಂದು ಮಾಡಿ ಹಾಕಿದರೂ ಒಮ್ಮೆಯೂ ತಪ್ಪಲಿಲ್ಲ. ಇಷ್ಟಕ್ಕೇ ನಿಂತಿದ್ದರೆ, ತಾಯಿಯ ಕಿವಿ ನನ್ನ ಯಂತ್ರಕ್ಕಿಂತ ಸೂಕ್ಷ್ಮ ಎಂದು ಒಪ್ಪಿಕೊಂಡು ಬರುತ್ತಿದ್ದೆ.

ಟೀಚರ್ ಪಕ್ಕದಲ್ಲಿ ಕೂತು ತಾಯಿಯ ಕೈ ಹಿಡಿದರು. ತಾಯಿ ಆ ಕೈಯನ್ನು ಸವರಿ, ಮಗಳದ್ದೇ ಎಂದು ನಕ್ಕರು. ಆಗ ಟೀಚರ್, ಅಮ್ಮ ನಾನೇ, ಎಂದರು. ತಾಯಿಯ ಮುಖ ಮಗಳ ಕಡೆ ತಿರುಗಲಿಲ್ಲ, ಬಾಗಿಲ ಕಡೆ ತಿರುಗಿತು. ಟೀಚರ್ ಕೈಯಲ್ಲಿ ಇನ್ನೊಮ್ಮೆ ಮಾತಾಡಿಸಿದೆ, ಮತ್ತೆ ಬಾಗಿಲ ಕಡೆಗೇ. ಟೀಚರನ್ನು ಇನ್ನೊಂದು ಬದಿಗೆ ಕೂರಿಸಿದರೂ ಹಾಗೆಯೇ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಮಗಳ ಕೈ ಬಿಡದೆಯೇ ತಾಯಿ ನನಗೆ ಹೇಳಿದರು: "ಪುಷ್ಪ ಎಂತಕ್ಕೆ ಮಾತಾಡುದಿಲ್ಲ? ಆ ಹೆಂಗಸು ಆಗದಿಂದ ನಿಂತೇ ಇದ್ದಾಳೆ. ಕೂತ್ಕೊಳ್ಳಿಕ್ಕೆ ಹೇಳಿ ಅವಳಿಗೆ."

ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಹೊರಗೆ ಸುಡುವ ಬಿಸಿಲು, ಕೈಯಲ್ಲಿ ಕಾಫಿಯ ಲೋಟ. ಆದರೂ ಬಾಗಿಲ ಕಡೆ ಇನ್ನೊಮ್ಮೆ ನೋಡಲು ಧೈರ್ಯ ಬರಲಿಲ್ಲ.

ಆಮೇಲೆ ತಾಯಿಯನ್ನು ಕಿವಿಯ ಡಾಕ್ಟರಿಗೆ ತೋರಿಸಿದೆವು. ಎರಡು ಕಿವಿಯೂ ಸರಿ ಇವೆ. ಬೇರೆ ಯಾರು ಮಾತಾಡಿದರೂ ಅವರತ್ತಲೇ ತಿರುಗುತ್ತಾರೆ. ನರರೋಗದ ಡಾಕ್ಟರು ಏನೋ ಉದ್ದದ ಹೆಸರು ಹೇಳಿದರು, ಅವರಿಗೇ ಅದು ಖಾತ್ರಿ ಇದ್ದಂತೆ ಕಾಣಲಿಲ್ಲ.

ಮೊನ್ನೆ ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಟೀಚರ್ ಸಿಕ್ಕಿದರು. ತಾಯಿ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರಂತೆ. ಹೇಗೆ ಎಂದು ಕೇಳಿದೆ.

"ನಾನು ಮನೆಯಲ್ಲಿ ಬಾಯಿ ಬಿಡುದಿಲ್ಲ ಸರ್. ಕೈ ಹಿಡಿದು ಕರ್ಕೊಂಡು ಹೋಗುದು. ಆ ಹೆಂಗಸು ಹೋದಳು ಅಂತ ಅಮ್ಮನಿಗೆ ಸಮಾಧಾನ. ಆದ್ರೆ ದಿನಾ ಪುಷ್ಪಾ ಪುಷ್ಪಾ ಅಂತ ಕರೀತಾರೆ. ಓ ಅನ್ಲಿಕ್ಕೆ ಆಗುದಿಲ್ಲ."

ಬಸ್ಸುಗಳ ಆ ಗದ್ದಲದಲ್ಲೂ ಒಂದೊಂದು ಅಕ್ಷರ ಸ್ಪಷ್ಟವಾಗಿ ಕೇಳಿಸಿತು. ಈಗ ಮತ್ತೆ ಅಳೆದರೂ ದೋಷವಿಲ್ಲ ಎಂದೇ ನಾನು ಬರೆಯಬೇಕು.