ಬಣ್ಣ ತುಂಬದ ಜಾಗ

ತಂಗಮಣಿ ಅಕ್ಕನಿಗೆ ಚೆಂದದ ಮ್ಯಾಪ್ ಕಂಡರೆ ಭಯ. ಕಂಪ್ಯೂಟರಿನಲ್ಲಿ ನೆಲದಡಿಯ ಪದರಗಳು ಹಳದಿ, ಕಂದು, ನೀಲಿಯಾಗಿ ಒಂದರ ಮೇಲೊಂದು ನೀಟಾಗಿ ಹೊಂದಿ ಕೂತರೆ ಆಫೀಸಿನಲ್ಲಿ ನಾವೆಲ್ಲ ಹಿಗ್ಗುತ್ತಿದ್ದೆವು. ಅಕ್ಕ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಪರದೆಯ ನಟ್ಟನಡುವೆ ತೋರಿಸಿ ಕೇಳುತ್ತಿದ್ದರು: "ಇದ್ನ ಯಾರ್ ಮಾ ನೋಡಿದ್ದು?"

ನಾನು ದಾವಣಗೆರೆಯವಳು, ಭೂವಿಜ್ಞಾನ ಓದಿ ಕೆಲಸಕ್ಕೆಂದು ತಮಿಳು ಸೀಮೆಗೆ ಬಂದವಳು. ತುಡಿಯಲೂರಿನಲ್ಲಿ ಪಂಪು ರಿಪೇರಿ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ನಮ್ಮ ಕಾಲಡಿ ಇದ್ದದ್ದು ಗಟ್ಟಿ ಬಂಡೆ. ಕೆಲಸ ಮಾತ್ರ ದೂರದ ಪೂರ್ವ ಕರಾವಳಿಯದು, ನದಿಗಳು ಯುಗಯುಗಗಳಿಂದ ಮಣ್ಣು ತಂದು ತುಂಬಿದ ಬಯಲಿನದು. ಅಲ್ಲಿ ಕೊರೆದ ಬೋರುಗಳಿಂದ ಯಾವ ಆಳದಲ್ಲಿ ಯಾವ ಮಣ್ಣು ಎಂಬುದು ನಮಗೆ ತಿಳಿಯುತ್ತಿತ್ತು. ಒಂದು ಬೋರಿಗೂ ಇನ್ನೊಂದಕ್ಕೂ ನಡುವಿನ ಜಾಗವನ್ನು ಕಂಪ್ಯೂಟರು ತಾನೇ ಊಹಿಸಿ ತುಂಬಿಬಿಡುತ್ತಿತ್ತು. ಅಕ್ಕ ಆ ಊಹೆಯನ್ನು ಅಳಿಸಿ, ಖಾಲಿ ಬಿಡುತ್ತಿದ್ದರು. ಮ್ಯಾನೇಜರು ಆ ತೂತಿಗೆ "ಮೇಡಂ ಓಟೆ" ಎಂದು ಹೆಸರಿಟ್ಟಿದ್ದರು.

ಅಕ್ಕನ ಮನೆ ಪೆರಿಯನಾಯಕನಪಾಳ್ಯಂನಲ್ಲಿ. ತಲೆಮಾರುಗಳಿಂದ ಬಟ್ಟೆ ನೇಯುತ್ತ ಬಂದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಕ್ಕನಿಗೆ ಕನ್ನಡ ಓದಲು ಬಾರದು. ನಾನು ಒಮ್ಮೆ ಅವರ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟಾಗ ತಿರುಗಿಸಿ ಮುರುಗಿಸಿ ನೋಡಿ, "ಇದು ನಾನೇ ತಾನೆ? ಮೋಸ ಮಾಡ್ಬೇಡ" ಎಂದಿದ್ದರು. ಅದರಲ್ಲೂ ಅನುಮಾನ!

ಅವರ ತಾಯಿ ನೇಯುವುದನ್ನು ಬಿಟ್ಟಿದ್ದರೂ ಹಜಾರದಲ್ಲಿ ಮಗ್ಗ ಹಾಗೇ ಇತ್ತು. ಅಕ್ಕ ಆ ಮಗ್ಗದ ಚೌಕಟ್ಟಿಗೆ ಟ್ರೇಸಿಂಗ್ ಹಾಳೆಗಳನ್ನು ಒಂದರ ಹಿಂದೊಂದು ತೂಗುಹಾಕುತ್ತಿದ್ದರು. ಒಂದೊಂದು ಹಾಳೆಯಲ್ಲೂ ಬಯಲಿನ ಒಂದೊಂದು ಸೀಳುನೋಟ, ಪೆನ್ಸಿಲ್ ಬಣ್ಣದಲ್ಲಿ. ಮುಂದೆ ನಿಂತು ನೋಡಿದರೆ ಹಾಳೆಗಳ ಮೂಲಕ ಇಡೀ ನೆಲದಡಿ ಆಳವಾಗಿ ಕಾಣುತ್ತಿತ್ತು. ಒಮ್ಮೆ ತಾಯಿ ಹೇಳಿದರು: "ಮಗ್ಗದ ಹಾಸಿನಲ್ಲಿ ನೂಲು ಹರಿದ್ರೆ ಕಣ್ಣಿಗೆ ತೆರಿಯಲ್ಲ ಮಾ, ಕೆಳಗಿಂದ ಕೈ ಆಡಿಸ್ಬೇಕು." ಅಕ್ಕ ತಟ್ಟನೆ, "ನಿಂಗೆ ಕೈ ಆಡಿಸೋಕೆ ನೂಲಾದ್ರೂ ಇತ್ತಮ್ಮ. ನಂಗೆ ಏನಿದೆ?" ಎಂದರು.

ಆಗ ನಮ್ಮ ಕೈಯಲ್ಲಿದ್ದದ್ದು ಕರಾವಳಿಯ ಒಂದು ಪಟ್ಟಣದ ಕುಡಿಯುವ ನೀರಿನ ಕೆಲಸ. ಮೇಲೆ ಸಿಹಿನೀರಿನ ಮರಳು, ಅದರಡಿ ನೀರು ಬಿಡದ ಜೇಡಿಮಣ್ಣು, ಜೇಡಿಯ ಕೆಳಗೆ ಉಪ್ಪುನೀರು. ಅಲ್ಲಿ ಕೊರೆದಿದ್ದ ಎರಡು ಬೋರುಗಳಲ್ಲೂ ಜೇಡಿ ಸಿಕ್ಕಿತ್ತು. ಕಂಪ್ಯೂಟರು ನಡುವೆಯೂ ಜೇಡಿಯ ಕಂದು ಬಣ್ಣ ಎಳೆದಿತ್ತು. ದೊಡ್ಡ ಬಾವಿ ಬರಬೇಕಾದದ್ದು ಸರಿಯಾಗಿ ಅಲ್ಲೇ. ಅಕ್ಕ ಅಷ್ಟು ಜಾಗ ಅಳಿಸಿದರು. "ಹಳೇ ನದಿ ಒಂದು ಅಲ್ಲಿ ಜೇಡೀನ ಕೊಯ್ಕೊಂಡು ಹೋಗಿದ್ರೆ? ನೀರು ಎತ್ತಎತ್ತ ಉಪ್ಪು ಮೇಲೆ ಬಂದ್ಬಿಡ್ತದೆ. ಆಮೇಲೆ ಆ ಊರಿನ ಮಕ್ಳು ಏನ್ ಕುಡೀತವೆ?"

ಮ್ಯಾನೇಜರು ಸಿಡುಕಿದರು. ಓಟೆಯಿರುವ ಮ್ಯಾಪಿಗೆ ಯಾರು ಸಹಿ ಹಾಕುತ್ತಾರೆ ಎಂದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದರು; ಆದರೆ ಮಾತು ಬದಲಾಗಲಿಲ್ಲ: ನಡುವೆ ಒಂದು ಪರೀಕ್ಷೆಯ ಬೋರು ಕೊರೆಯದೆ ಬಣ್ಣ ತುಂಬುವುದಿಲ್ಲ. ಕೊನೆಗೆ ಮ್ಯಾಪು ಓಟೆಯ ಸಮೇತವೇ ಹೋಯಿತು. ಕೊರೆಯಲು ಒಪ್ಪಿಗೆ ಬರಲು ತಿಂಗಳುಗಳೇ ಹಿಡಿದವು.

ಆ ತಿಂಗಳುಗಳಲ್ಲಿ ಅವರು ನನ್ನ ನೆಮ್ಮದಿಯನ್ನೂ ಕೆಡಿಸಿದರು. ನಾನು ಕಾಫಿ ಲೋಟ ಕೈಗೆತ್ತಿಕೊಳ್ಳುವ ಮೊದಲೇ ಫೋನು. "ಕೊರೆದ್ರಾ?" ಇಲ್ಲ ಅಕ್ಕಾ. "ನಾನು ಸುಮ್ನೆ ಎಲ್ಲಾರ್ನೂ ಹೆದರಿಸ್ತಿದ್ದೀನಾ ಮಾ?" ಆಮೇಲಾಮೇಲೆ ಫೋನಿನಲ್ಲಿ ಕೆಮ್ಮು ಹೆಚ್ಚಾಯಿತು. ಆಸ್ಪತ್ರೆಗೆ ನೋಡಲು ಹೋದಾಗ ಮೂಗಿಗೆ ನಳಿಕೆ ಹಾಕಿದ್ದರು. ನನ್ನನ್ನು ಕಂಡು ಹುಬ್ಬೇರಿಸಿದರು, ಅಷ್ಟೇ. ಇನ್ನೂ ಇಲ್ಲ ಎಂದು ತಲೆಯಾಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ನಾವಿಬ್ಬರೂ ಎದುರಾದದ್ದು ಅದೇ ಕೊನೆ.

ಬೋರು ಕೊರೆದ ಸುದ್ದಿ ಬಂದದ್ದು ಅವರ ತಿಥಿ ಕಾರ್ಯಗಳೆಲ್ಲ ಮುಗಿದ ಮೇಲೆ. ನಡುವೆಯೂ ಜೇಡಿ ಇತ್ತು. ಗಟ್ಟಿಯಾಗಿ, ದಪ್ಪವಾಗಿ, ಕಂಪ್ಯೂಟರು ಹೇಳಿದ ಆಳದಲ್ಲೇ. ಆಫೀಸಿನಲ್ಲಿ ಯಾರೋ ನಕ್ಕರು. ನನಗೆ ಮೈ ಉರಿಯಿತು. ಅದೇ ಹೊತ್ತಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸಂಜೆ ಅಕ್ಕನ ಮನೆಗೆ ಹೋದೆ. ಮಗ್ಗದಲ್ಲಿ ಹಾಳೆಗಳು ಇನ್ನೂ ತೂಗುತ್ತಿದ್ದವು. ನಡುವಿನ ಹಾಳೆಯಲ್ಲಿ ಅಂಗೈಯಗಲ ಬಿಳಿ.

"ಜೇಡಿ ಇತ್ತಾ ಮಾ?" ತಾಯಿ ಕೇಳಿದರು. ಮಗಳ ಚಿಂತೆ ಅವರಿಗೂ ಅಂಟಿತ್ತು.

"ಇತ್ತಮ್ಮ. ಊರಿಗೆ ಏನೂ ಆಗಲ್ಲ."

"ಅಪ್ಪಾಡಾ!" ಎಂದು ಅವರು ಮಗ್ಗದ ಕಂಬ ಹಿಡಿದು ಮೆಲ್ಲಗೆ ಕೂತರು. "ಅವಳು ಕೇಳಿದ್ರೆ ಎಷ್ಟು ಕುಣೀತಿದ್ಲೋ." ಆಮೇಲೆ ಕಿಟಕಿಯ ಮೇಲಿದ್ದ ಡಬ್ಬಿ ತಡಕಿ ಕಂದು ಪೆನ್ಸಿಲ್ಲು ನನ್ನ ಕೈಗಿತ್ತರು. ನಾನು ತುಂಬತೊಡಗಿದೆ. ಹಾಳೆ ಅಲುಗದಂತೆ ಅವರು ಕೆಳಗಿನಿಂದ ಅಂಗೈ ಕೊಟ್ಟು ಹಿಡಿದಿದ್ದರು.