ಕುಟ್ಟಿಯನ್ನು ಎಲ್ಲಿಗೆ ಒಯ್ಯುವುದು

ಕುಟ್ಟಿ ನೀರು ಕುಡಿಯುವುದು ಜಾಸ್ತಿಯಾಗಿದೆ ಎಂದು ಮೊದಲು ಗಮನಿಸಿದವಳು ನಾನೇ. ಗಮನಿಸಿಯೂ ಸುಮ್ಮನಿದ್ದವಳು ಕೂಡ ನಾನೇ.

ಮಾರ್ಚ್ ತಿಂಗಳು. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಆಗಲೇ ಸೆಕೆ ಶುರುವಾಗಿತ್ತು. ನಮ್ಮ ಬೆಕ್ಕು ಬಾತ್‌ರೂಮಿನ ಬಕೆಟ್ಟಿನ ಅಂಚಿಗೆ ಮುಂಗಾಲು ಊರಿ, ಕತ್ತು ಬಗ್ಗಿಸಿ, ನಾನು ಹೋಗಿ ಎತ್ತುವವರೆಗೂ ಕುಡಿಯುತ್ತಲೇ ಇರುತ್ತಿತ್ತು. ಮನುಷ್ಯರಿಗೇ ಇಷ್ಟು ಬಾಯಾರುವಾಗ ಬೆಕ್ಕಿಗೆ ಬಾಯಾರದೇ ಎಂದುಕೊಂಡೆ. ವಾರ ಕಳೆಯಿತು. ಮೀನು ಹಾಕಿದರೆ ಮೂಸಿ ನೋಡಿ ಹೊರಟುಹೋಗತೊಡಗಿತು. ಎತ್ತಿಕೊಂಡಾಗ ಬೆನ್ನಿನ ಮೂಳೆ ಕೈಗೆ ಸಿಕ್ಕಿತು.

ಆಮೇಲೆ ವಾಂತಿ.

ಕುಟ್ಟಿಗೆ ಹದಿಮೂರು ವರ್ಷ. ಮಗಳು ಶ್ರಾವ್ಯ ಆರನೇ ಕ್ಲಾಸಿನಲ್ಲಿದ್ದಾಗ ಅದನ್ನು ಸ್ಕೂಲ್ ಬ್ಯಾಗಿನಲ್ಲಿಟ್ಟುಕೊಂಡು ತಂದಿದ್ದಳು. ಹೆಸರಿಟ್ಟವರು ನನ್ನ ಅತ್ತೆ. ಉಡುಪಿ ಕಡೆಯ ನಮಗೆ ಕುಟ್ಟಿ ಎಂದರೆ ಮುದ್ದಿನ ಪುಟ್ಟ ಮರಿ, ಆದರೆ ಇಲ್ಲಿಯವರಿಗೆ ಅದು ಹೆಣ್ಣುನಾಯಿ ಎಂಬ ಹಿಂದಿ ಮಾತಿನಂತೆ ಕೇಳಿಸಿ, ಯಾರ ಮುಂದೆ ಕರೆದರೂ ಒಮ್ಮೆ ತಿರುಗಿ ನೋಡುತ್ತಾರೆ. ಶ್ರಾವ್ಯ ಈಗ ಬೇಲಾಪುರದ ಒಂದು ಆಫೀಸಿನಲ್ಲಿದ್ದಾಳೆ. ನನ್ನ ಗಂಡ ಸದಾಶಿವ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಬೆಳಿಗ್ಗೆ ಅವರಿಬ್ಬರೂ ಲೋಕಲ್ ರೈಲು ಹಿಡಿದ ಮೇಲೆ, ಸಂಜೆ ಟ್ಯೂಷನ್ನಿನ ಮಕ್ಕಳು ಬರುವ ತನಕ, ಮನೆಯಲ್ಲಿ ನಾನು ಮತ್ತು ಕುಟ್ಟಿ.

ಮೊದಲ ಡಾಕ್ಟರನ್ನು ಆರಿಸಿದ್ದು ನಾನು. ಆರಿಸಿದ್ದಕ್ಕೆ ಕಾರಣ, ಕ್ಲಿನಿಕ್ಕು ನಮ್ಮ ಸೊಸೈಟಿಯಿಂದ ಹತ್ತು ನಿಮಿಷದ ದಾರಿ. ಬೇರೇನೂ ವಿಚಾರಿಸಲಿಲ್ಲ. ಬೆಕ್ಕಿಗೆ ದೊಡ್ಡ ಡಾಕ್ಟರು ಯಾಕೆ ಎಂಬ ಮಾತು ಮನಸ್ಸಿನೊಳಗೆ ಇತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಬಾಗಿಲ ತನಕ ನಾಯಿಗಳ ಸಾಲು. ಡಾಕ್ಟರು ಕೆಟ್ಟವರಲ್ಲ, ಅವರಿಗೆ ಪುರಸೊತ್ತು ಇರಲಿಲ್ಲ. ಬುಟ್ಟಿಯ ಮುಚ್ಚಳ ಅರ್ಧ ತೆಗೆದು, "ಗರ್ಮಿ ಹೈ, ಪೇಟ್ ಬಿಗಡಾ ಹೈ" ಎಂದರು. ಸೆಕೆಗೆ ಹೊಟ್ಟೆ ಕೆಟ್ಟಿದೆಯಂತೆ. ಒಂದು ಇಂಜೆಕ್ಷನ್ ಕೊಟ್ಟರು. ವಾಂತಿ ಎರಡು ದಿನ ನಿಂತು ಮತ್ತೆ ಶುರುವಾಯಿತು. ಮತ್ತೆ ಹೋದೆ. ಮತ್ತೆ ಇಂಜೆಕ್ಷನ್. ಹೀಗೆ ಎರಡು ವಾರ.

ಆ ಎರಡು ವಾರ ಈಗಲೂ ನನ್ನ ಎದೆಯ ಮೇಲೆ ಕೂತಿದೆ.

ಒಂದು ಶನಿವಾರ ಶ್ರಾವ್ಯ ಕುಟ್ಟಿಯ ಬಾಯಿ ಮೂಸಿ ನೋಡಿ ಮುಖ ಹಿಂದೆ ಎಳೆದುಕೊಂಡಳು. ಬಾಯಿಂದ ಬೇರೆಯದೇ ಒಂದು ವಾಸನೆ, ಬಚ್ಚಲಿನಂಥದ್ದು. ಅವಳು ಸೋಫಾದ ಮೇಲೆ ಕಾಲು ಮಡಚಿ ಕೂತು ಫೋನಿನಲ್ಲಿ ಒಂದೊಂದೇ ಕ್ಲಿನಿಕ್ ನೋಡಲು ಶುರುಮಾಡಿದಳು. ಎಷ್ಟು ದೂರ, ಎಷ್ಟು ಸ್ಟಾರು, ಸೋನೋಗ್ರಫಿ ಅಲ್ಲೇ ಇದೆಯೇ, ಭಾನುವಾರ ತೆರೆದಿರುತ್ತದೆಯೇ. ಜನ ಬರೆದದ್ದನ್ನು ನನಗೆ ಓದಿ ಹೇಳಿದಳು. ಒಬ್ಬರು ದೇವರು ಎಂದು ಬರೆದ ಡಾಕ್ಟರನ್ನೇ ಇನ್ನೊಬ್ಬರು ಕಟುಕ ಎಂದು ಬರೆದಿದ್ದರು. ಕೊನೆಗೆ ಅವಳು ಠಾಣೆಯ ದೊಡ್ಡ ಆಸ್ಪತ್ರೆಯೊಂದನ್ನು ಆರಿಸಿದಳು. ನಾನು ಹೂಂ ಅಂದೆ. ನನಗೆ ಬೇಡ ಅನ್ನುವ ಮುಖ ಇರಲಿಲ್ಲ.

ಅಲ್ಲಿ ಬೆಕ್ಕಿಗೇ ಬೇರೆ ವೇಟಿಂಗ್ ರೂಮ್. ಎಸಿ. ಗೋಡೆಯ ತುಂಬ ಸರ್ಟಿಫಿಕೇಟು. ಕೌಂಟರಿನ ಹುಡುಗಿ ಫಾರ್ಮ್ ತುಂಬಿಸುತ್ತ ಕೈ ನಿಲ್ಲಿಸಿ ಕೇಳಿದಳು, "ಮ್ಯಾಡಮ್, ಬಿಲ್ಲಿ ಕಾ ನಾಮ್ ಕುತ್ತೀ?"

ನನಗೆ ನಗು ಬಂತು. ಶ್ರಾವ್ಯ ನಗಲಿಲ್ಲ. ಒಂದೊಂದೇ ಅಕ್ಷರ ಹೇಳಿ ಸರಿಯಾಗಿ ಬರೆಸಿದಳು. ಫೈಲಿನ ಮೇಲೆ ನಮ್ಮ ಅಡ್ಡಹೆಸರೂ ಸೇರಿ "ಕುಟ್ಟಿ ಶೆಟ್ಟಿ" ಎಂದಾಯಿತು.

ಬ್ಲಡ್ ಟೆಸ್ಟ್, ಸೋನೋಗ್ರಫಿ ಎಲ್ಲ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಡಾಕ್ಟರು ಶ್ರಾವ್ಯಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ತೋರಿಸಿದಳು. ಒಂದು ಕಿಡ್ನಿ ಪೂರ್ತಿ ಬತ್ತಿಹೋಗಿತ್ತು. ಇನ್ನೊಂದೂ ಅದೇ ದಾರಿಯಲ್ಲಿತ್ತು.

"ಅಡ್ಮಿಟ್ ಕರ್ನಾ ಪಡೇಗಾ, ಆಂಟಿ."

ಮಾಡಿದೆವು.

ಮೂರನೆಯ ದಿನ ಮಧ್ಯಾಹ್ನ ನಾನೊಬ್ಬಳೇ ನೋಡಲು ಹೋದೆ. ಸ್ಟೀಲಿನ ಪಂಜರ, ಒಳಗೆ ನೀಲಿ ಶೀಟು. ಮುಂಗಾಲಿಗೆ ಸಲೈನಿನ ಸೂಜಿ, ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಕಾಲರ್. ಕುಟ್ಟಿ ಗೋಡೆಗೆ ಮುಖ ಮಾಡಿ ಕೂತಿತ್ತು. ಹೆಸರು ಹಿಡಿದು ಕರೆದೆ. ಹದಿಮೂರು ವರ್ಷದಲ್ಲಿ ನಾನು ಕರೆದಾಗ ಕಿವಿಯನ್ನಾದರೂ ಅಲುಗಿಸದೆ ಇದ್ದದ್ದಿಲ್ಲ. ಅವತ್ತು ಕಿವಿಯೂ ಅಲುಗಲಿಲ್ಲ.

ಡಾಕ್ಟರು ಬಂದು, ಕಿಡ್ನಿ ಹೊರಹಾಕದೆ ರಕ್ತದಲ್ಲಿ ಉಳಿದ ಕ್ರಿಯಾಟಿನಿನ್ ಸ್ವಲ್ಪ ಇಳಿದಿದೆ ಎಂದಳು. ಇನ್ನೂ ನಾಲ್ಕು ದಿನ ಇಡೋಣ, ಆಮೇಲೆ ಬೇಕಾದರೆ ನವಿ ಮುಂಬೈಗೆ ಒಯ್ದು ಡಯಾಲಿಸಿಸ್ ಮಾಡಿಸಬಹುದು ಎಂದಳು. ಶ್ರಾವ್ಯ ಬೆಳಿಗ್ಗೆಯೇ ಫೋನಿನಲ್ಲಿ ಎಲ್ಲ ವಿಚಾರಿಸಿಕೊಂಡಿದ್ದಳಂತೆ.

"ಅದು ಮಾಡಿದರೆ ವಾಸಿ ಆಗುತ್ತಾ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

ಅವಳು ಫೈಲ್ ನೋಡಿದಳು. "ಟೈಮ್ ಮಿಲೇಗಾ, ಆಂಟಿ."

ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ನಾಲ್ಕು ವರ್ಷದ ಹಿಂದೆ ಅತ್ತೆ ಐಸಿಯುನಲ್ಲಿದ್ದಾಗ ವೆಂಟಿಲೇಟರ್ ಹಾಕಿದರೆ ಸಮಯ ಸಿಗುತ್ತದೆ ಎಂದಿದ್ದರು. ಹನ್ನೊಂದು ದಿನ ಸಿಕ್ಕಿತು. ಆ ಹನ್ನೊಂದು ದಿನವೂ ಗಾಜಿನ ಆಚೆ ಅತ್ತೆ, ಈಚೆ ನಾವು. ಮನೆಗೆ ಕರೆದುಕೊಂಡು ಹೋಗೋಣವೇ ಎಂದು ಕೇಳುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಒಬ್ಬರು ಕೇಳಲಿ ಎಂದು ಇನ್ನೊಬ್ಬರು ಕಾದೆವು. ಹಾಗೆ ಕಾಯುತ್ತಲೇ ಅವರು ಹೋದರು.

ಹೋಟೆಲಿಗೆ ಫೋನ್ ಮಾಡಿದೆ. ಗಂಡ ಅರ್ಧ ಗಂಟೆಯಲ್ಲಿ ಬಂದರು. ಪಂಜರದ ಮುಂದೆ ನಿಂತು, ಮನೆಗೆ ಒಯ್ಯೋಣವೇ ಎಂದು ಈ ಸಲ ನಾನೇ ಕೇಳಿದೆ. "ನಿಂಗೆ ಸರಿ ಕಂಡದ್ದು ಮಾಡು ಮಾರಾಯ್ತಿ. ಆದ್ರೆ ಮಗಳಿಗೆ ನೀನೇ ಹೇಳ್ಬೇಕು."

ಮನೆಗೆ ಒಯ್ಯುತ್ತೇವೆ ಎಂಬ ಕಾಗದಕ್ಕೆ ನಾನು ಸಹಿ ಹಾಕಿದೆ. ಮಗಳಿಗೆ ಮಾತ್ರ ಫೋನ್ ಮಾಡಲಿಲ್ಲ. ಹೆದರಿಕೆ.

ಸಂಜೆ ಬಾಗಿಲು ತೆರೆದ ಶ್ರಾವ್ಯಳಿಗೆ ಬಾಲ್ಕನಿಯ ಚಾಪೆಯ ಮೇಲೆ ಕುಟ್ಟಿ ಕಾಣಿಸಿತು. ಒಂದು ಕ್ಷಣ ಮುಖ ಅರಳಿತು. ಆಮೇಲೆ ಅವಳಿಗೆ ಅರ್ಥವಾಯಿತು. ನಮ್ಮ ಕನ್ನಡವೆಲ್ಲ ಅರ್ಥವಾದರೂ ಅವಳು ಉತ್ತರ ಕೊಡುವುದು ಹಿಂದಿಯಲ್ಲೇ. ದನಿ ಏರಿಸದೆ ಹೇಳಿದಳು.

"ಮಮ್ಮಿ, ತೂ ಉಸ್‌ಕೋ ಮರ್‌ನೇ ಕೇ ಲಿಯೇ ಘರ್ ಲಾಯೀ ಹೈ."

ಸಾಯಲಿ ಎಂದೇ ಮನೆಗೆ ತಂದಿದ್ದೀಯ.

ಐದು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ.

ಠಾಣೆಯ ವೇಟಿಂಗ್ ರೂಮಿನಲ್ಲಿ ಮುದಿ ಬೆಕ್ಕೊಂದನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮರಾಠಿ ಹೆಂಗಸೊಬ್ಬರು ಕಲ್ಯಾಣದಲ್ಲಿ ಒಬ್ಬ ಡಾಕ್ಟರು ಇದ್ದಾರೆಂದು ಹೇಳಿದ್ದರು. "ತುಮ್ಚ್ಯಾಕಡಚೇಚ್ ಆಹೇತ್, ಕಾನಡೀ." ನಿಮ್ಮ ಕಡೆಯವರೇ, ಕನ್ನಡದವರು. ಮನೆಗೆ ತಂದ ಮರುದಿನ ಬೆಳಿಗ್ಗೆಯೇ ಬುಟ್ಟಿ ಹಿಡಿದು ಲೋಕಲಿನ ಲೇಡೀಸ್ ಡಬ್ಬಿ ಹತ್ತಿದೆ. ಸೊಪ್ಪು ಬಿಡಿಸುತ್ತ ಕೂತಿದ್ದವಳೊಬ್ಬಳು ಬುಟ್ಟಿಯೊಳಗೆ ಇಣುಕಿ, ಸರಿದು ಜಾಗ ಕೊಟ್ಟಳು. ಠಾಕುರ್ಲಿ ಆದ ಮೇಲೆ ಕಲ್ಯಾಣ. ಇಳಿಯುವವರೆಗೂ ಕುಟ್ಟಿ ಸದ್ದೇ ಮಾಡಲಿಲ್ಲ. ಮುಂಚೆ ಆಗಿದ್ದರೆ ಇಡೀ ಡಬ್ಬಿಗೆ ಕೇಳುವಂತೆ ಕೂಗುತ್ತಿತ್ತು.

ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಒಂದೇ ಕೋಣೆಯ ಕ್ಲಿನಿಕ್ಕು. ಮೆಷಿನ್ನುಗಳಿಲ್ಲ, ರಕ್ತವನ್ನು ಕೂಡ ಹೊರಗೆ ಕಳಿಸುತ್ತಾರೆ. ಫೋನಿನಲ್ಲಿ ನೋಡಿದ್ದರೆ ನಾವು ಇದನ್ನು ಎಂದೂ ಆರಿಸುತ್ತಿರಲಿಲ್ಲ. ಡಾಕ್ಟರು ಬೀದರಿನವರು, ಅರವತ್ತು ದಾಟಿದವರು. ನಾನು ಮುಚ್ಚಳ ತೆಗೆದು ಕೈ ಹಾಕಲು ಹೋದೆ.

"ತಡೀರಿ. ತಾನಾ ಹೊರಗ ಬರ್ಲಿ ಬಿಡ್ರಿ ಅದು."

ಕಾದೆವು. ಅವರು ಫೈಲ್ ತೆರೆಯಲಿಲ್ಲ. ಕುಟ್ಟಿ ನಿಧಾನಕ್ಕೆ ತಲೆ ಹೊರಗೆ ಹಾಕಿತು. ಮೇಜಿನ ಮೇಲೆ ಎರಡು ಹೆಜ್ಜೆ ಇಟ್ಟು ಅವರ ಬೆರಳು ಮೂಸಿತು. ಆಗ ಅವರು ಹೊಟ್ಟೆ ಒತ್ತಿ, ಒಸಡು ಎತ್ತಿ ನೋಡಿದರು. ಆಮೇಲೆ ರಿಪೋರ್ಟುಗಳನ್ನು ಒಂದನ್ನೂ ಬಿಡದೆ ಓದಿದರು. ಕನ್ನಡಕ ತೆಗೆದರು.

"ಠಾಣೆಯವ್ರು ಮಾಡಿದ್ದು ಬರೋಬ್ಬರಿ ಅದರೀ. ತಪ್ಪೇನಿಲ್ಲ. ಆದ್ರ ಇದು ವಾಸಿ ಆಗೂದಲ್ಲ. ಇನ್ನ ಎಷ್ಟ ದಿನ ಅಂತ ನನಗೂ ಹೇಳಾಕ ಬರೂದಿಲ್ಲ. ಇರೂ ತನಕ ಅದಕ್ಕ ತ್ರಾಸ ಕಡಿಮಿ ಮಾಡ್ಬಹುದು. ಅದನ್ನ ನೀವು ಮನ್ಯಾಗೇ ಮಾಡ್ಬಹುದು, ನಾ ಕಲಸ್ತೀನಿ."

ಕೇಳಲೇಬೇಕಾದದ್ದನ್ನು ಕೇಳಿದೆ. "ಎರಡು ವಾರ ಮುಂಚೆ ಬ್ಲಡ್ ಟೆಸ್ಟ್ ಮಾಡಿಸಿದ್ದರೆ?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಒಂದೀಟು ಹೆಚ್ಚಿಗಿ ದಿನ ಸಿಗತಿದ್ವು ಏನೋ. ಕಿಡ್ನಿ ಮಾತ್ರ ಉಳೀತಿರಲಿಲ್ಲರೀ, ಅದು ಹೋಗಿ ಭಾಳ ದಿನ ಆಗ್ಯಾವ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೇಳಿಸಿಕೊಂಡು ಇಷ್ಟು ದಿನ ಗಟ್ಟಿಯಾಗಿ ಹಿಡಿದಿಟ್ಟದ್ದು, ನನ್ನ ಭಾಷೆಯಲ್ಲಿ ಕೇಳಿದ ಕೂಡಲೇ ಒಡೆದುಹೋಯಿತು. ಅವರು ಕುಟ್ಟಿಯ ಬೆನ್ನು ನೇವರಿಸುತ್ತ ನಿಂತಿದ್ದರು.

ದಿನಕ್ಕೊಮ್ಮೆ ಚರ್ಮದ ಕೆಳಗೆ ಸಲೈನ್ ಕೊಡಬೇಕು. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಕಿಟಕಿಯ ಗ್ರಿಲ್ಲಿಗೆ ತೂಗುಹಾಕಿ, ಹೆಗಲ ಹತ್ತಿರದ ಚರ್ಮ ಎತ್ತಿ ಹಿಡಿದು ಸೂಜಿ ಚುಚ್ಚುವುದು. ಕಲ್ಯಾಣದಲ್ಲಿ ಅವರ ಎದುರು ಮಾಡಿದಾಗ ಸರಿಯಾಗಿ ಬಂತು. ಮನೆಯಲ್ಲಿ ಒಬ್ಬಳೇ ಮಾಡುವಾಗ ಬರಲಿಲ್ಲ. ಸೂಜಿ ಈಚೆಯಿಂದ ಹೊಕ್ಕು ಆಚೆಯಿಂದ ಹೊರಬಂದು ನೀರೆಲ್ಲ ನನ್ನ ಸೀರೆಯ ಮೇಲೆ. ಎರಡೆರಡು ಸಲ ಚುಚ್ಚಬೇಕಾಗುತ್ತಿತ್ತು. ಕುಟ್ಟಿ ಕೂಗುತ್ತಿರಲಿಲ್ಲ, ನನ್ನ ಮುಖ ನೋಡುತ್ತಿತ್ತು. ಕೂಗಿದ್ದರೆ ಎಷ್ಟೋ ಮೇಲಿತ್ತು.

ಆರನೆಯ ದಿನ ಬೆಳಿಗ್ಗೆ ಆಫೀಸಿಗೆ ಹೊರಟು ನಿಂತಿದ್ದ ಶ್ರಾವ್ಯ ಇದನ್ನು ನೋಡಿದಳು. ಬ್ಯಾಗ್ ಕೆಳಗಿಟ್ಟಳು. ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು.

"ಮುಝೇ ದೋ."

ಒಂದೇ ಸಲಕ್ಕೆ ಸೂಜಿ ಕೂತಿತು. ಚರ್ಮದ ಕೆಳಗೆ ನೀರು ನಿಂಬೆಹಣ್ಣಿನಷ್ಟು ಉಬ್ಬಿ ನಿಧಾನವಾಗಿ ಕಾಲಿನ ಕಡೆ ಇಳಿಯುವುದನ್ನು ಇಬ್ಬರೂ ನೋಡಿದೆವು. ಅವಳ ಒಂಬತ್ತೂ ಹತ್ತರ ಗಾಡಿ ತಪ್ಪಿತು. ಅಂದಿನಿಂದ ಸೂಜಿ ಅವಳದು, ಹಿಡಿದುಕೊಳ್ಳುವ ಕೆಲಸ ನನ್ನದು. ಜಾಸ್ತಿ ಮಾತಿರಲಿಲ್ಲ. "ಪಕಡ್", "ಆಯಿತಾ?", "ಹೋ ಗಯಾ". ಅಷ್ಟೇ.

ಮನೆಗೆ ಬಂದ ಮೇಲೆ ಕುಟ್ಟಿ ಹತ್ತೊಂಬತ್ತು ದಿನ ಇತ್ತು. ಅದರಲ್ಲಿ ಏಳೆಂಟು ದಿನ ನಿಜವಾಗಿ ಚೆನ್ನಾಗಿದ್ದವು. ಬಂಗುಡೆ ಬೇಯಿಸಿದ ನೀರು ನೆಕ್ಕಿತು. ಬಾಲ್ಕನಿಯಲ್ಲಿ ಬಿಸಿಲು ಸರಿದ ಹಾಗೆ ತಾನೂ ಸರಿದು ಮಲಗಿತು. ಪಾರಿವಾಳ ನೋಡಿ ಹಲ್ಲು ಕಟಕಟ ಅನ್ನಿಸಿತು. ಟ್ಯೂಷನ್ನಿನ ಮಕ್ಕಳು ಹೇಳಿಸಿಕೊಳ್ಳದೆಯೇ ಮೆಲ್ಲನೆ ಮಗ್ಗಿ ಹೇಳುತ್ತಿದ್ದರು. ಗಂಡ ಹೋಟೆಲಿನಿಂದ ಬಂದ ಕೂಡಲೆ ಬಟ್ಟೆಯನ್ನೂ ಬದಲಿಸದೆ ಅದರ ಪಕ್ಕ ಕೂರುತ್ತಿದ್ದರು. ಆಗ ಕೆಲವೊಮ್ಮೆ ನನಗೂ ಅನುಮಾನ ಬರುತ್ತಿತ್ತು, ಡಯಾಲಿಸಿಸ್ ಮಾಡಿಸಿದ್ದರೆ ಇಂಥ ದಿನಗಳು ಇನ್ನಷ್ಟು ಸಿಗುತ್ತಿದ್ದವೇ ಎಂದು. ಈಗಲೂ ಬರುತ್ತದೆ.

ಹದಿನೆಂಟನೆಯ ದಿನ ಹಿಂಗಾಲು ಸೋತವು. ಬಾಯಿ ಹುಣ್ಣಾಗಿ ನೀರು ಕೂಡ ನುಂಗಲಾರದಾಯಿತು. ಮರುದಿನ, ಭಾನುವಾರ ಬೆಳಿಗ್ಗೆ, ಒಮ್ಮೆ ಮೈಯೆಲ್ಲ ಸೆಟೆದು ನಡುಗಿತು. ನಿಂತಿತು. ಮತ್ತೆ ನಡುಗಿತು. ಬಾಟಲಿ ಗ್ರಿಲ್ಲಿಗೆ ತೂಗುಹಾಕಲು ಹೋದ ನನ್ನ ಕೈಯನ್ನು ಶ್ರಾವ್ಯ ಹಿಡಿದಳು. ಅವಳ ಬಾಯಿಂದ ಅಪರೂಪಕ್ಕೆ ಕನ್ನಡ ಬಂತು.

"ಸಾಕು ಮಮ್ಮಿ. ಡಾಕ್ಟರ್‌ಗೆ ಫೋನ್ ಮಾಡು."

ಆ ಮಾತನ್ನು ನಾನು ಹೇಳಬೇಕಿತ್ತು. ಅವಳು ಹೇಳಿದಳು.

ಅವರು ಕ್ಲಿನಿಕ್ಕು ಮುಚ್ಚಿ ಕಲ್ಯಾಣದಿಂದ ಸ್ಕೂಟರಿನಲ್ಲಿ ಬಂದರು. ಮನೆಗೆ ಬಂದ ನೆಂಟರ ಹಾಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತರು. ಮೊದಲು ನಿದ್ದೆಯ ಇಂಜೆಕ್ಷನ್, ಆಮೇಲೆ ಇನ್ನೊಂದು ಎಂದು ವಿವರಿಸಿದರು. "ಅದಕ್ಕ ಗೊತ್ತಾಗೂದಿಲ್ಲ. ನೀವು ಮಾತಾಡಸ್ಕೋತ ಇರ್ರಿ." ಕುಟ್ಟಿಯ ತಲೆ ಶ್ರಾವ್ಯಳ ಅಂಗೈಯಲ್ಲಿತ್ತು. ಅವಳು ಅದರ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು. ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವುದೂ ಸರಿಯಲ್ಲ ಅನ್ನಿಸಿತು. ಡಾಕ್ಟರು ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಆಲಿಸಿದರು.

"ಹೋತ್ರೀ."

ಟಿಟ್ವಾಳಾದಲ್ಲಿ ನನ್ನ ಮೈದುನನ ಮನೆ ನೆಲ ಅಂತಸ್ತಿನಲ್ಲಿದೆ, ಹಿಂದೆ ಒಂದು ತುಂಡು ಮಣ್ಣಿದೆ. ಅಲ್ಲಿ ಹೂತೆವು. ಗುಂಡಿ ತೋಡಿದ್ದು ನನ್ನ ಗಂಡ, ಯಾರಿಗೂ ಗುದ್ದಲಿ ಕೊಡಲಿಲ್ಲ. ವಾಪಸ್ ಬರುವಾಗ ಗಾಡಿ ಖಾಲಿ ಇತ್ತು. ಶ್ರಾವ್ಯ ಕಿಟಕಿಯ ಹತ್ತಿರ ಕೂತವಳು ಸ್ವಲ್ಪ ಹೊತ್ತಿಗೆ ನನ್ನ ಭುಜಕ್ಕೆ ಒರಗಿದಳು. ಅವಳು ಆಡಿದ ಮಾತಿಗೆ ಕ್ಷಮೆ ಕೇಳಲಿಲ್ಲ. ಹೇಳದೆ ಮಾಡಿದ್ದಕ್ಕೆ ನಾನೂ ಕೇಳಲಿಲ್ಲ. ಡೊಂಬಿವಲಿ ಬರುವವರೆಗೂ ಹಾಗೇ ಕೂತಿದ್ದೆವು.

ಇದೆಲ್ಲ ಆಗಿ ಎರಡು ತಿಂಗಳಾಯಿತು. ಮೊನ್ನೆ ಮೂರನೇ ಮಾಳಿಗೆಯ ಹೊಸ ಸೊಸೆ ಟವೆಲ್ಲಿನಲ್ಲಿ ನಾಯಿಮರಿ ಸುತ್ತಿಕೊಂಡು ಬಂದು, "ಕಾಕೂ, ಯಾವ ಡಾಕ್ಟರ್ ಒಳ್ಳೆಯವರು?" ಎಂದು ಕೇಳಿದಳು. ಹೇಳುವುದು ಬಹಳ ಇತ್ತು. ಮೆಷಿನ್ನು ಬೇಕಾದಾಗ ಠಾಣೆಯೇ ಸರಿ, ಅಲ್ಲಿ ನೋಡಿದ್ದರಿಂದಲೇ ನಮಗೆ ಕಾಯಿಲೆ ಏನೆಂದು ತಿಳಿದದ್ದು. ಹತ್ತಿರ ಎಂಬ ಒಂದೇ ಕಾರಣಕ್ಕೆ ಯಾರ ಹತ್ತಿರವೂ ಹೋಗಬೇಡ. ಸುಮ್ಮನೆ ಹೀಗೆ ಹೇಳಿದರೆ ಸಾಲದು ಅನ್ನಿಸಿತು. ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ನಾನೇ ಕಲ್ಯಾಣಕ್ಕೆ ಹೊರಟೆ.

ಡಾಕ್ಟರು ಮರಿಗೆ ಲಸಿಕೆ ಹಾಕಿದರು. ಅದು ಕುಂಯ್ ಎಂದು ನನ್ನ ಸೆರಗಿನೊಳಗೆ ನುಗ್ಗಿತು. ಬಿಸಿ ಬಿಸಿ ಮೈ, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದನ್ನು ಒತ್ತಿ ಹಿಡಿದುಕೊಂಡೆ. ಕುಟ್ಟಿಯ ನಂತರ ಇನ್ನೊಂದನ್ನು ಹಿಡಿದುಕೊಳ್ಳಬಲ್ಲೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಭಯವಿತ್ತು.

ಡಾಕ್ಟರು ಕೈ ತೊಳೆಯುತ್ತ ನನ್ನ ಕಡೆ ತಿರುಗಿದರು. "ನೀವು ಹೆಂಗದೀರಿ? ಊಟಾ ಮಾಡಾಕತ್ತೀರಿಲ್ಲೋ?"

ಮಾಡುತ್ತಿದ್ದೇನೆ ಎಂದೆ. ಅದು ನಿಜವೂ ಆಗಿತ್ತು.