ಗೌರಮ್ಮ ಮಾತು ತಪ್ಪಿದ ದಿನ

೨೦೦೯ನೇ ಇಸವಿ, ಬೇಸಿಗೆ. ನಾವು ಬಾಗಲಕೋಟೆ ಕಡೆಯಿಂದ ಬಂದು ಪೀಣ್ಯದ ಪಕ್ಕ ರಾಜಗೋಪಾಲನಗರದಲ್ಲಿ ಒಂದೇ ಒಂದು ರೂಮು ಹಿಡಿದು ಸಂಸಾರ ಹೂಡಿದ್ದೆವು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮನೆಯವರಿಗೆ ಲೇತ್ ಮೆಷಿನ್ನಿನ ಕೆಲಸ, ಯಾವಾಗಲೂ ರಾತ್ರಿ ಪಾಳಿ. ನನಗೆ ಗಾರ್ಮೆಂಟ್ಸ್‌ನಲ್ಲಿ ಹಗಲು ಕೆಲಸ. ಅವರು ಬರೋ ಹೊತ್ತಿಗೆ ನಾನು ಹೊರಡೋಳು. ಗಂಡ ಹೆಂಡತಿ ಭಾನುವಾರ ಮಾತ್ರ ಸಂಸಾರ ಮಾಡ್ತಾರೆ ಅಂತ ನಮ್ಮ ಹೊಲಿಗೆ ಲೈನಿನ ಹುಡುಗಿಯರು ನಗೋರು.

ನಮ್ಮಂಥವರ ಮನೆಗಳಲ್ಲಿ ಆಗ ಒಂದು ರೂಢಿ ಇತ್ತು. ರಾತ್ರಿ ಪಾಳಿಯವರು ಬಂದು ಉಂಡು ಮಲಗಿದ ಮೇಲೆ ಹೆಂಗಸರು ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಹೋಗೋದು. ಬೀಗ ಕಂಡರೆ ಯಾರೂ ಬಾಗಿಲು ಬಡಿಯಲ್ಲ, ಮಲಗಿದವರ ನಿದ್ದೆ ಕೆಡಲ್ಲ. ನಾನೂ ಹಾಗೇ ಮಾಡ್ತಿದ್ದೆ. ಕೀ ನನ್ನ ಟಿಫಿನ್ ಚೀಲದಲ್ಲಿ ಇರ್ತಿತ್ತು. ಇನ್ನೊಂದು ಕೀ ಒಳಗೆ ಟ್ರಂಕಿನಲ್ಲಿ.

ಆ ಎರಡನೇ ಕೀ ಮೇಲೆ ಓನರ್ ಗೌರಮ್ಮನ ಕಣ್ಣು. ಅದು ತಮ್ಮ ಹತ್ತಿರ ಇರಲಿ ಅಂತ ಕೇಳೋರು, ನಾನು ಕೊಟ್ಟಿರಲಿಲ್ಲ. ಗೌರಮ್ಮ ಆ ಊರಿನ ಮೂಲದವರು. ಮೊದಲು ರಾಗಿ ಬೆಳೀತಿದ್ದ ಜಾಗದಲ್ಲಿ ಸಾಲಾಗಿ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಎಲ್ಲ ರೂಮಿಗೂ ಸೇರಿ ಒಂದೇ ಮೀಟರು, ಬಾಡಿಗೆಯಲ್ಲೇ ಕರೆಂಟೂ ಸೇರಿತ್ತು. ಹಾಗಾಗಿ ಆಕೆಗೆ ಬೆಳಗಿಂದ ಸಂಜೆವರೆಗೂ ಅದೇ ಕಾಯಕ. ಮೀಟರಿನ ಎದುರಿಗೆ ಚಾಪೆ ಹಾಸಿ ಕೂತು ಅವರೆಕಾಳು ಬಿಡಿಸೋದು, ಅಕ್ಕಿ ಆರಿಸೋದು, ನಡುನಡುವೆ ಆ ಚಕ್ರ ಸುತ್ತೋದನ್ನೇ ನೋಡೋದು. ಯಾರ ಬಾಗಿಲಿಗೆ ಬೀಗ ಕಂಡರೂ ಎದ್ದು ಹೋಗಿ ಆ ರೂಮಿನ ಮೇನ್ ಸ್ವಿಚ್ ಕೆಳಗೆ ಎಳೆಯೋರು. ಎಲ್ಲರ ಮೇನ್ ಸ್ವಿಚ್ಚೂ ಹೊರಗೆ ಓಣಿಯಲ್ಲೇ ಇತ್ತು.

ಒಳಗೆ ನಮ್ಮವರು ಮಲಗಿದ್ದಾರೆ ಅಂತ ಎಷ್ಟು ಸಲ ಹೇಳಿದರೂ ಕೇಳ್ತಿರಲಿಲ್ಲ. ಫ್ಯಾನ್ ನಿಂತು ಆ ಶೀಟಿನ ಮನೆಯಲ್ಲಿ ನಮ್ಮವರು ಬೆವರಿ ಎದ್ದು ಕೂರೋರು. ಮೈಯೆಲ್ಲ ನವೆ, ಕಣ್ಣೆಲ್ಲ ಕೆಂಪು. ನಿದ್ದೆಗಣ್ಣಲ್ಲಿ ಮೆಷಿನ್ನಿಗೆ ಕೈ ಕೊಟ್ಟರೆ ಗತಿ ಏನು? ನನ್ನ ಬಾಯಿ ಮೊದಲೇ ಜೋರು. ಒಂದಿನ ಇಡೀ ಓಣಿ ಸೇರೋ ಹಾಗೆ ಜಗಳ ತೆಗೆದೆ. ನಿಮ್ಮ ಕೈಗೇನು ರೋಗ, ಸತ್ತಾಗ ಆ ಮೀಟರ್ ಹೊತ್ತುಕೊಂಡು ಹೋಗ್ತೀರಾ ಅಂದುಬಿಟ್ಟೆ. ಹಿರಿಯರಿಗೆ ಆಡೋ ಮಾತಲ್ಲ ಅದು. ಗೌರಮ್ಮ, "ಆಯ್ತು ಕಣಮ್ಮಿ, ಇನ್ಮ್ಯಾಕೆ ನಿನ್ ಸ್ವಿಚ್ ನಾನ್ ಮುಟ್ಟಿದ್ರೆ ಕೇಳು" ಅಂತ ಒಳಗೆ ಹೋದರು. ಆಮೇಲೆ ನಿಜವಾಗಿಯೂ ಮುಟ್ಟಲಿಲ್ಲ. ನಾನು ಗೆದ್ದೆ ಅಂತ ಬೀಗಿದೆ.

ಆ ದಿನ ನಮ್ಮ ಫ್ಯಾಕ್ಟರಿಗೆ ಫಾರಿನ್ನಿನ ಬಯ್ಯರ್‌ಗಳು ಬರೋರಿದ್ದರು. ಎಲ್ಲರೂ ನೀಟಾಗಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬನ್ನಿ ಅಂತ ಹಿಂದಿನ ದಿನವೇ ಹೇಳಿದ್ದರು. ನಮ್ಮಲ್ಲಿ ಮದುವೆಗೆ ಉಡುಗೊರೆ ಬಂದ ಇಸ್ತ್ರಿ ಪೆಟ್ಟಿಗೆ ಒಂದಿತ್ತು. ಅದರ ಬಿಸಿ ಕಮ್ಮಿ ಮಾಡೋ ತಿರುಗಣಿ ಕೆಟ್ಟು, ಹಾಕಿದರೆ ಕಾಯ್ತಾನೇ ಇರ್ತಿತ್ತು. ನಮ್ಮವರು ಬಂದು ಮಲಗಿ ಆಗಲೇ ಗೊರಕೆ ಹೊಡೀತಿದ್ದರು. ಅವರ ಚಾಪೆ ಪಕ್ಕದಲ್ಲೇ ನನ್ನ ಅವ್ವ ಹೊಲಿದುಕೊಟ್ಟ ಕೌದಿ ಮಡಚಿ ಹಾಸಿ ಸೀರೆ ಇಸ್ತ್ರಿಗೆ ಕೂತೆ. ಇನ್ನು ಸೆರಗು ಬಾಕಿ ಅನ್ನುವಾಗ ಕರೆಂಟ್ ಹೋಯ್ತು.

ಆ ಬೇಸಿಗೆಯಲ್ಲಿ ಕರೆಂಟ್ ಹೋದರೆ ಇಷ್ಟೇ ಹೊತ್ತಿಗೆ ಬರುತ್ತೆ ಅಂತ ಇರಲಿಲ್ಲ. ಕೆಇಬಿಯವರಿಗೆ ಶಾಪ ಹಾಕುತ್ತಾ ಪೆಟ್ಟಿಗೆಯನ್ನ ಕೌದಿ ಮೇಲೆ ಹಾಗೇ ಬಿಟ್ಟು, ಮುದುರಿದ ಸೆರಗನ್ನ ಒಳಗೆ ಸಿಕ್ಕಿಸಿ ಸೀರೆ ಉಟ್ಟು, ಬೀಗ ಜಡಿದು ಓಡಿದೆ.

ಫ್ಯಾಕ್ಟರಿಯಲ್ಲಿ ಜನರೇಟರ್ ಓಡ್ತಿತ್ತು. ಅದರ ಗುಂಯ್ ಅನ್ನೋ ಸದ್ದು ಕಿವಿಗೆ ಎಷ್ಟು ಒಗ್ಗಿತ್ತು ಅಂದರೆ ನಿಂತಾಗಲೇ ನಮಗೆ ಗೊತ್ತಾಗೋದು. ಕಾಲರ್ ಹೊಲೀತಾ ಕೂತಿದ್ದೆ. ಸದ್ದು ನಿಂತಿತು. ಲೈಟು ಒಂದು ಸಲ ಹೋಗಿ ಮತ್ತೆ ಬಂತು. ಪಕ್ಕದ ಮೆಷಿನ್ನಿನ ಶಾರದಾ ಸಹಜವಾಗಿ, ಕರೆಂಟ್ ಬಂತು ಕಣೆ ಅಂದಳು.

ಹೊಲೀತಿದ್ದ ಕಾಲರ್ ಅಲ್ಲೇ ಬಿಟ್ಟು ಎದ್ದೆ. ಇಲ್ಲಿ ಬಂದರೆ ನಮ್ಮನೆಗೂ ಬಂತು ಅಂತಲೇ ಅರ್ಥ, ಎರಡಕ್ಕೂ ಒಂದೇ ಲೈನು. ಸ್ವಿಚ್ ತೆಗೆದೆನಾ? ಪ್ಲಗ್ ಕಿತ್ತೆನಾ? ಎಷ್ಟು ನೆನಪು ಮಾಡಿಕೊಂಡರೂ ಸೆರಗು ಸಿಕ್ಕಿಸಿದ್ದೇ ನೆನಪಾಗ್ತಿತ್ತು, ಸ್ವಿಚ್ಚು ಬರಲೇ ಇಲ್ಲ. ಕೆಳಗೆ ಕೌದಿ, ಪಕ್ಕದಲ್ಲಿ ಮನುಷ್ಯ, ಹೊರಗೆ ಬೀಗ. ಪಾಳಿ ಮುಗಿಸಿ ಬಂದು ಮಲಗಿದ ಮೊದಲ ಒಂದೆರಡು ತಾಸು ತಲೆ ಮೇಲೆ ಕಲ್ಲು ಎತ್ತಿ ಹಾಕಿದರೂ ಏಳದ ನಿದ್ದೆ ಅವರದು. ಎದ್ದರೂ ಹೊರಗೆ ಬರೋದು ಹೇಗೆ? ಇದ್ದ ಒಂದು ಕಿಟಕಿಗೂ ಕಂಬಿ.

ಸೂಪರ್‌ವೈಸರ್ ಹತ್ತಿರ ಹೋದರೆ, ಬಯ್ಯರ್ ಬರೋ ಹೊತ್ತಲ್ಲಿ ಎಂಥಾ ರಜೆನಮ್ಮಾ ಅಂದರು. ಮನೆಗೆ ಬೆಂಕಿ ಬಿದ್ದೈತ್ರಿ ಅಂದೆ. ಯಾರು ಫೋನ್ ಮಾಡಿದ್ದರು ಅಂದರು. ಯಾರೂ ಮಾಡಿಲ್ಲ ಅಂದದ್ದಕ್ಕೆ ನನಗೆ ತಲೆ ಕೆಟ್ಟಿದೆ ಅನ್ನೋ ಹಾಗೆ ನೋಡಿದರು. ಅಳು ಬಂದುಬಿಟ್ಟಿತು. ಕೊನೆಗೆ ಶಾರದಾ ಜಗಳ ಮಾಡಿ ಗೇಟ್ ಪಾಸ್ ಕೊಡಿಸಿದಳು. ಗೇಟಿನ ಹತ್ತಿರ ಕಾಯಿನ್ ಫೋನ್ ಇತ್ತು. ನಮ್ಮವರ ಮೊಬೈಲಿಗೆ ಹಚ್ಚಿದರೆ ಸ್ವಿಚ್ ಆಫ್. ಮಲಗುವಾಗ ಆಫ್ ಮಾಡಿ ಅಂತ ಹೇಳಿಕೊಟ್ಟವಳು ನಾನೇ.

ಆಟೋ ಹತ್ತಿದೆ. ದಾರಿಯುದ್ದಕ್ಕೂ ಲಾರಿಗಳು, ಕಬ್ಬಿಣದ ಸರಳು ಹೇರಿಕೊಂಡು ಆಮೆ ಥರ ಹೋಗೋವು. ಬೇಗ ಹೋಗಣ್ಣ, ಬೇಗ ಹೋಗಣ್ಣ ಅಂತ ನಾನು ಎದ್ದು ಎದ್ದು ಕೂರ್ತಿದ್ದೆ. ಹಾರಿ ಹೋಗಕ್ಕಾಗುತ್ತಾ ಅಕ್ಕ ಅಂತ ಆಟೋದವನು ರೇಗಿದ. ವಿಷಯ ಹೇಳಿದ ಮೇಲೆ ಆಟೋನ ಫುಟ್‌ಪಾತ್ ಮೇಲೇ ಹತ್ತಿಸಿದ. ಎಲ್ಲಾದರೂ ಹೊಗೆ ಕಾಣುತ್ತಾ ಅಂತ ನಾನು ಆಕಾಶ ನೋಡ್ತಿದ್ದೆ. ಪೀಣ್ಯದಲ್ಲಿ ಹೊಗೆಗೆ ಏನು ಬರ? ಯಾವುದು ಕಂಡರೂ ನಮ್ಮನೆಯದೇ ಅನಿಸ್ತಿತ್ತು.

ಆಗ ಗೌರಮ್ಮ ನೆನಪಾದರು. ಆಕೆ ಮೊದಲಿನ ಹಾಗೆ ಬೀಗ ನೋಡಿ ಸ್ವಿಚ್ ಎಳೆದಿದ್ದರೆ! ಎಳೀದ ಹಾಗೆ ಮಾಡಿದವಳು ನಾನೇ ಅಲ್ಲವಾ? ಇಷ್ಟು ದಿನ ಬೈದ ಅದೇ ಕೈಗಾಗಿ ಮನಸ್ಸಿನಲ್ಲೇ ಹರಕೆ ಹೊತ್ತೆ. ಬನಶಂಕರಿ ತಾಯಿ, ಇವತ್ತು ಒಂದು ದಿನ ಆ ಮುದುಕಿ ಮಾತು ತಪ್ಪಲಿ ಅಂತ.

ಓಣಿ ತಿರುವಿನಲ್ಲಿ ಇಳಿದು ಓಡಿದೆ. ಹೊಗೆ ಇರಲಿಲ್ಲ, ಆದರೆ ಬಟ್ಟೆ ಕಮರಿದ ವಾಸನೆ ಸಣ್ಣಗೆ ಬರ್ತಿತ್ತು. ಗೌರಮ್ಮ ಮೀಟರಿನ ಎದುರಿಗೆ ಚಾಪೆ ಮೇಲೆ ಕೂತಿದ್ದರು. ನಾನು ಕೂದಲು ಕೆದರಿಕೊಂಡು ಬರೋದನ್ನ ನೋಡಿ ಗಾಬರಿಯಿಂದ ಎದ್ದರು.

"ಬಾಯ್ ಮಾಡ್ಬ್ಯಾಡ ಕಣಮ್ಮಿ, ತಪ್ಪಾಯ್ತು. ಈಗ್ಲೇ ಆಕ್ತೀನಿ ತಡಿ" ಅಂತ ನಮ್ಮ ಮೇನ್ ಸ್ವಿಚ್ಚಿಗೆ ಕೈ ಹಾಕಿದರು.

"ಹಾಕಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಹಾಕಬ್ಯಾಡ್ರಿ!" ಅಂತ ಕಿರುಚಿ ಆ ಕೈಯನ್ನ ಗಟ್ಟಿಯಾಗಿ ಹಿಡಿದುಕೊಂಡೆ. ಬಳೆ ಒಡೆದು ಆಕೆಗೆ ತರಚಿದ್ದೂ ನನಗೆ ಆಮೇಲೆ ಗೊತ್ತಾಗಿದ್ದು.

ಅವಸರಕ್ಕೆ ಬೀಗಕ್ಕೆ ಕೀ ಹೋಗಲಿಲ್ಲ. ಗೌರಮ್ಮನೇ ಕಸಿದುಕೊಂಡು ತೆಗೆದರು. ಒಳಗೆ ಕಣ್ಣು ಉರಿಯೋ ಕಮಟು. ಕೌದಿಯ ಮೇಲಿನ ಎರಡು ಪದರ ಕಪ್ಪಗೆ ಸುಟ್ಟು ಪೆಟ್ಟಿಗೆ ಒಳಗೆ ಕೂತಿತ್ತು, ಇನ್ನೂ ಮುಟ್ಟೋಕೆ ಆಗದಷ್ಟು ಬಿಸಿ. ನಮ್ಮವರ ಕೈ ಅದರ ಪಕ್ಕದಲ್ಲೇ ಬಿದ್ದಿತ್ತು. ನಾನು ಪ್ಲಗ್ ಕಿತ್ತು, ಕೌದಿಗೆ ಕೊಡದಲ್ಲಿದ್ದ ನೀರು ಸುರಿದೆ. ಆ ತಣ್ಣೀರು ತಗುಲಿ ಅವರು ಕಣ್ಣು ಬಿಟ್ಟರು. ಮೈಯೆಲ್ಲ ಬೆವರು.

"ಮತ್ತ ಫ್ಯಾನ್ ಬಂದ್ ಮಾಡ್ಯಾಳೇನ ಆ ಮುದುಕಿ?" ಅಂದರು.

ನಾನು ಅಲ್ಲೇ ಕುಸಿದು ಕೂತು ಅತ್ತೆ. ನಗುವೂ ಬರ್ತಿತ್ತು, ಅದೇ ವಿಚಿತ್ರ.

ಗೌರಮ್ಮ ಆಮೇಲೆ ಹೇಳಿದರು. ಕರೆಂಟ್ ಬಂದಿದ್ದೇ ತಡ ಮೀಟರಿನ ಚಕ್ರ ಗಿರಗಿರ ಸುತ್ತತೊಡಗಿತಂತೆ. ಒಂದೊಂದೇ ರೂಮಿನ ಸ್ವಿಚ್ ಎಳೆದು ನೋಡಿದರಂತೆ. ನಮ್ಮದು ಎಳೆದಾಗ ಚಕ್ರ ನಿಧಾನವಾಯಿತಂತೆ. ನಾನು ಕದ್ದು ಕರೆಂಟ್ ಒಲೆ ಇಟ್ಟಿದ್ದೀನಿ ಅಂದುಕೊಂಡರಂತೆ. ಸಂಜೆ ಬರಲಿ, ಎಲ್ಲರ ಮುಂದೆ ಮಾನ ಕಳೀತೀನಿ ಅಂತ ಕಾದು ಕೂತಿದ್ದವರು, ನನ್ನ ಅವತಾರ ನೋಡಿದ ಮೇಲೆ ಮಾತಿಗೆ ತಪ್ಪಿದ್ದೇ ನೆನಪಾಗಿ ಹೆದರಿದರಂತೆ. "ನನ್ ಕೈಯಾಗೇ ಇನ್ನೊಂದ್ ಕಿತ ಆಕಿಸ್ಬುಡ್ತಿದ್ದಲ್ಲೇ ದ್ಯಾವ್ರು" ಅಂತ ತುಂಬ ಹೊತ್ತು ಆ ಕೈಯನ್ನೇ ನೋಡಿಕೊಂಡರು.

ಟ್ರಂಕಿನಿಂದ ಎರಡನೇ ಕೀ ತೆಗೆದು ಆವತ್ತೇ ಆಕೆಗೆ ಕೊಟ್ಟೆ. ತಗೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಾರನೇ ದಿನದಿಂದ ಹೊರಗೆ ಬೀಗ ಹಾಕೋದನ್ನೂ ಬಿಟ್ಟೆ. ಯಾರೂ ಬಾಗಿಲು ಬಡಿಯದ ಹಾಗೆ ಗೌರಮ್ಮನೇ ಕಾಯೋರು, ಮಾತಾಡಿದವರಿಗೆ ಬೈಯೋರು. ಕೌದಿಯ ತೂತಿಗೆ ಹಚ್ಚೋಕೆ ತಮ್ಮ ಹಳೇ ಸೀರೆಯ ತುಂಡು ಕೊಟ್ಟರು.

ಈಗ ನಮಗೆ ಬೇರೆ ಮನೆ, ಬೇರೆ ಮೀಟರು. ಕರೆಂಟ್ ಹೋದರೆ ಎಲ್ಲರೂ ಮೊಂಬತ್ತಿ ಹುಡುಕಿದರೆ ನಾನು ಮೊದಲು ಪ್ಲಗ್ ಕೀಳ್ತೀನಿ. ಕರೆಂಟ್ ಬಂದಾಗ ಮಗಳು ಹೋ ಅಂತ ಕುಣೀತಾಳೆ, ನನಗೆ ಮಾತ್ರ ಎದೆ ಹೊಡಕೊಳ್ಳುತ್ತೆ. ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ನೀರು ಕಾಯಿಸೋ ಕಾಯಿಲ್, ಎಲ್ಲ ಮುಟ್ಟಿ ಮುಟ್ಟಿ ನೋಡಿ ಬಂದರೂ ಸಮಾಧಾನ ಆಗಲ್ಲ, ಇನ್ನೊಂದು ಸುತ್ತು ಹೋಗ್ತೀನಿ. ಆಗೆಲ್ಲ ನಮ್ಮವರು ಆ ಕೌದಿ ಮೇಲೆ ಮಲಗಿಕೊಂಡೇ, "ಬಂದ್ಳಪ್ಪಾ ಗೌರಮ್ಮ" ಅಂತ ಕಾಡಿಸ್ತಾರೆ. ಕಾಡಿಸಲಿ. ಹಾಗೆ ಕಾಡಿಸೋಕೆ ಅವರು ಇದ್ದಾರಲ್ಲ.